ಕಟ್ಟು ೧೮೭ರ ನಾಲ್ಕನೆಯ ಪುಸ್ತಕ

ಪುಸ್ತಕ ಹುಡುಕಿಕೊಂಡು ಬಂದವರಿಗೆ, ಕಂಪ್ಯೂಟರಿನಲ್ಲಿ ಸೊನ್ನೆ ಬಂದರೆ "ಇಲ್ಲ" ಅನ್ನಬಾರದು, "ಕಾಣುತ್ತಿಲ್ಲ" ಅನ್ನಬೇಕು. ಈ ಮಾತನ್ನು ನಮ್ಮ ಗ್ರಂಥಾಲಯದ ಮೇಡಂ ನನಗೆ ಕಂಪ್ಯೂಟರಿನ ಮುಂದೆ ಕೂತ ಮೊದಲ ದಿನವೇ ಹೇಳಿಕೊಟ್ಟಿದ್ದರು. ನಾನು ಎಸ್ಸೆಸ್ಸೆಲ್ಸಿ ಓದಿದವನು. ಅಷ್ಟು ಅರ್ಥವಾಗಲು ಆ ಓದು ಸಾಕು. ಆದರೂ ಒಬ್ಬ ಹೆಂಗಸಿಗೆ ನಾನು ಮೂರು ಸಲ "ಇಲ್ಲ" ಅಂದೆ. ಮೂರನೆಯ ಸಲ, ಇತ್ತು ಎಂದು ಗೊತ್ತಿದ್ದೂ ಅಂದೆ.

ರಾಜಾಜಿನಗರದಲ್ಲಿ ಒಂದು ಟ್ರಸ್ಟಿನವರು ನಡೆಸುತ್ತಿದ್ದ ಗ್ರಂಥಾಲಯ ಅದು. ನಾನು ಅಲ್ಲಿಗೆ ಹುಡುಗನಾಗಿದ್ದಾಗ ಸೇರಿದ್ದು ಬೈಂಡಿಂಗ್ ಕೆಲಸಕ್ಕೆ. ಆ ಕಾಲದಲ್ಲಿ ತೆಳ್ಳಗಿನ ಪುಸ್ತಕಗಳು ಬಹಳ ಬರುತ್ತಿದ್ದವು, ನಲವತ್ತು ಪುಟದವು, ಅರವತ್ತು ಪುಟದವು. ಒಂದೊಂದಕ್ಕೂ ರಟ್ಟು ಹಾಕುವುದು ದುಬಾರಿ ಎಂದು ಐದಾರನ್ನು ಒಟ್ಟಿಗೆ ಹೊಲಿದು ಒಂದೇ ರಟ್ಟು ಹಾಕುತ್ತಿದ್ದೆವು. ಮೈದಾ ಅಂಟಿಗೆ ಹುಳ ಹಿಡಿಯದಂತೆ ಮೈಲುತುತ್ತ ಬೆರೆಸಿ, ಬೆನ್ನಿಗೆ ಕ್ಯಾಲಿಕೋ ಬಟ್ಟೆ ಅಂಟಿಸಿ, ಮೇಲೆ ಮೊದಲ ಪುಸ್ತಕದ ಹೆಸರು ಮತ್ತು ಒಂದು ನಂಬರು ಬರೆಯುತ್ತಿದ್ದೆ. ಇದಕ್ಕೆ ನಮ್ಮಲ್ಲಿ "ಕಟ್ಟು" ಅನ್ನುತ್ತಿದ್ದರು. ವಿಷಯ ನೋಡಿ ಸೇರಿಸುವ ಪದ್ಧತಿ ಇರಲಿಲ್ಲ. ಅಳತೆ ನೋಡಿ ಸೇರಿಸುತ್ತಿದ್ದೆವು. ಒಂದೇ ಅಗಲದವು ಒಂದೇ ಕಟ್ಟಿಗೆ. ಹೀಗಾಗಿ ಕೋಳಿ ಸಾಕುವುದರ ಜೊತೆ ಭಜನೆ, ಭಜನೆಯ ಜೊತೆ ಗಣಿತ.

ದಾಖಲೆ ಪುಸ್ತಕದಲ್ಲಿ ಇಡೀ ಕಟ್ಟಿಗೆ ಒಂದೇ ಸಾಲು: ಮೊದಲ ಪುಸ್ತಕದ ಹೆಸರು, ಮುಂದೆ "ಮತ್ತು ಇತರೆ". ಒಳಗೆ ಏನೇನಿದೆ ಎನ್ನುವುದು ಇದ್ದದ್ದು ಕಾರ್ಡುಗಳಲ್ಲಿ ಮಾತ್ರ. ಹಳೆಯ ಗ್ರಂಥಪಾಲಕರು ಒಂದೊಂದು ಪುಸ್ತಕಕ್ಕೂ ಒಂದೊಂದು ಕಾರ್ಡು ಬರೆದು, ಕೆಳಗೆ "ಕಟ್ಟು ಇಂಥದ್ದರಲ್ಲಿ ಮೂರನೆಯದು" ಎಂದು ಸೂಚಿಸಿ, ಮರದ ಪೆಟ್ಟಿಗೆಗಳಲ್ಲಿ ಜೋಡಿಸಿದ್ದರು. ಅವರು ಹೋಗಿ ಎಷ್ಟೋ ವರ್ಷವಾಗಿತ್ತು. ಅಕ್ಷರ ಮಾತ್ರ ಮುತ್ತಿನಂತೆ ಉಳಿದಿತ್ತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾದ ಮೇಲೆ ಟ್ರಸ್ಟಿನ ಕಾರ್ಯದರ್ಶಿಗಳು ಕಂಪ್ಯೂಟರ್ ತರಿಸಿದರು. ಪಟ್ಟಿಯನ್ನು ಇಂಟರ್ನೆಟ್ಟಿಗೂ ಹಾಕಬೇಕು, ಓದುಗರು ಸೈಬರ್ ಸೆಂಟರಿನಲ್ಲಿ ಕೂತೇ ಹುಡುಕಬೇಕು ಎಂದು ಅವರ ಆಸೆ. ಬೈಂಡಿಂಗ್ ಕೆಲಸ ಆಗಲೇ ನಿಂತುಹೋಗಿತ್ತು. ಕನ್ನಡ ಟೈಪಿಂಗ್ ಬರುತ್ತಿದ್ದ ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದರು. ಬೆನ್ನೆಲುಬು ಸವೆಸಿ ಅಂಟು ಕಲಸಿದವನಿಗೆ ತಿರುಗುವ ಕುರ್ಚಿ, ತಲೆಯ ಮೇಲೆ ಫ್ಯಾನು. ನನಗೆ ಅದು ಬಹಳ ದೊಡ್ಡದಾಗಿ ಕಂಡಿತು.

ಮೇಡಂ, ಅಂದರೆ ನಮ್ಮ ಗ್ರಂಥಪಾಲಕಿ, ನನಗಿಂತ ಇಪ್ಪತ್ತೈದು ವರ್ಷ ಚಿಕ್ಕವರು. ತಾಳ್ಮೆಯಿಂದ ಕಲಿಸಿದರು. ಹುಡುಕುವಾಗ ಇಡೀ ಹೆಸರು ಹಾಕಬಾರದು, ಖಚಿತವಿರುವ ಒಂದೇ ಪದ ಹಾಕಬೇಕು. ಹೆಸರಿನಿಂದ ಬರದಿದ್ದರೆ ಬರೆದವರ ಹೆಸರಿನ ಒಂದು ಭಾಗ. ಅದೂ ಇಲ್ಲದಿದ್ದರೆ ವಿಷಯ. ಹತ್ತಿರದ ಒಂದು ಪುಸ್ತಕ ಸಿಕ್ಕರೆ ಅದರ ನಂಬರು ಹಿಡಿದು ಕಪಾಟಿಗೆ ಹೋಗಿ ಅಕ್ಕಪಕ್ಕದವನ್ನು ಕೈಯಲ್ಲಿ ತೆಗೆದು ನೋಡಬೇಕು.

"ಆಮೇಲೂ ಸಿಗಲಿಲ್ಲ ಅಂದ್ರೆ ಮೇಡಂ?" ಎಂದು ಕೇಳಿದ್ದೆ.

"ಆಗ ಇನ್ನೂ ಎಂಟ್ರಿ ಆಗದೇ ಇರೋದು ಏನಿದೆ ಅಂತ ನೋಡಬೇಕು. ಕಂಪ್ಯೂಟರ್‌ಗೆ ಗೊತ್ತಿರೋದು ನಾವು ಹೇಳಿದ್ದಷ್ಟೇ ಕಣ್ರೀ. ಅದಕ್ಕೇ ಸೊನ್ನೆ ಬಂದ್ರೆ ಇಲ್ಲ ಅನ್ಬೇಡಿ. ಕಾಣ್ತಿಲ್ಲ ಅನ್ನಿ."

ಕಟ್ಟುಗಳ ಹತ್ತಿರ ಬಂದಾಗ ತೊಡಕಾಯಿತು. ಒಂದು ನಂಬರಿಗೆ ಒಂದೇ ಪುಸ್ತಕವನ್ನು ಆ ಸಾಫ್ಟ್‌ವೇರ್ ಒಪ್ಪುತ್ತಿತ್ತು. ಎರಡನೆಯದನ್ನು ಹಾಕಿದರೆ "ಈ ಸಂಖ್ಯೆ ಈಗಾಗಲೇ ಇದೆ" ಎಂದು ಕೆಂಪಗೆ ಬರುತ್ತಿತ್ತು. ಮೇಡಂ ದಾರಿ ತೋರಿಸಿದರು: ಮೊದಲ ಪುಸ್ತಕವನ್ನು ಹಾಕಿ, ಉಳಿದವುಗಳ ಹೆಸರು, ಬರೆದವರು ಎಲ್ಲವನ್ನೂ ಟಿಪ್ಪಣಿಯ ಜಾಗದಲ್ಲಿ ಟೈಪ್ ಮಾಡಬೇಕು. ಹಾಗೆ ಮಾಡಿದರೆ ಹುಡುಕಿದಾಗ ಅವೂ ಬರುತ್ತವೆ. ಅದಕ್ಕೆ ಪ್ರತಿ ಕಟ್ಟನ್ನೂ ಕೆಳಗಿಳಿಸಿ, ತೆರೆದು, ಒಂದೊಂದರ ಮುಖಪುಟ ಹುಡುಕಿ, ಕಾರ್ಡಿನ ಜೊತೆ ತಾಳೆ ನೋಡಬೇಕು. ಒಂದು ಕಟ್ಟಿಗೆ ಅರ್ಧ ಗಂಟೆ. ಇಂಥವು ಮುನ್ನೂರರ ಮೇಲಿದ್ದವು.

ನಲವತ್ತು ಕಟ್ಟುಗಳನ್ನು ಹಾಗೆಯೇ ಮಾಡಿದೆ. ಅಷ್ಟರಲ್ಲಿ ಕಾರ್ಯದರ್ಶಿಗಳು ಉದ್ಘಾಟನೆಯ ದಿನ ಗೊತ್ತು ಮಾಡಿ, ಆಹ್ವಾನ ಪತ್ರಿಕೆಯನ್ನೂ ಮಾಡಿಸಿದರು. ದಿನವೂ ಬಂದು ಪರದೆಯ ಮೂಲೆಯಲ್ಲಿನ ಒಟ್ಟು ಸಂಖ್ಯೆ ನೋಡುತ್ತಿದ್ದರು. ಕಟ್ಟು ಹಿಡಿದು ಕೂತ ದಿನ ಆ ಸಂಖ್ಯೆ ಹತ್ತೋ ಹನ್ನೆರಡೋ ಏರುತ್ತಿತ್ತು.

"ಏನ್ರೀ, ಎತ್ತಿನ ಗಾಡೀಲಿ ಹೋಗ್ತಾ ಇದೀರಾ?" ಅಂದರು ಒಂದು ದಿನ, ಎಲ್ಲರ ಮುಂದೆ. "ಕೈಲಾಗಲ್ಲ ಅಂದ್ರೆ ಹೇಳಿ, ಯಾರಾದ್ರೂ ಡಿಗ್ರಿ ಆಗಿರೋರನ್ನ ಕೂರಿಸ್ತೀನಿ."

ಮರುದಿನದಿಂದ ಕಟ್ಟುಗಳನ್ನು ಕೆಳಗಿಳಿಸುವುದನ್ನೇ ಬಿಟ್ಟೆ. ದಾಖಲೆ ಪುಸ್ತಕ ಮುಂದಿಟ್ಟುಕೊಂಡು ಮೊದಲ ಹೆಸರು ಮಾತ್ರ ಹೊಡೆದೆ. "ಮತ್ತು ಇತರೆ" ಎಂಬುದನ್ನೂ ಹೊಡೆಯಲಿಲ್ಲ. ನಾಲ್ಕು ದಿನಕ್ಕೆ ಎಲ್ಲ ಕಟ್ಟುಗಳು ಮುಗಿದವು. ಮೇಡಂ ಕೇಳಿದರು: "ಕಟ್ಟುಗಳ ಒಳಗಿಂದೂ ಸೇರಿಸಿದ್ರಲ್ವಾ?"

"ಎಲ್ಲಾ ಆಯ್ತು ಮೇಡಂ," ಅಂದೆ.

ನನ್ನ ಪಾಪದ ಬುಡ ಈ ಮೂರು ಪದ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಅವರಿಗೆ ಒಳಗಿನದು ಗೊತ್ತಿರಲಿಲ್ಲ ಅನ್ನಬಹುದಿತ್ತು. ಆ ಕಟ್ಟುಗಳನ್ನು ಹೊಲಿದವನು ನಾನೇ.

ಉದ್ಘಾಟನೆ ಚೆನ್ನಾಗಿ ಆಯಿತು. ನನಗೂ ಶಾಲು ಹೊದಿಸಿದರು. ಕಾರ್ಡುಗಳನ್ನು ಏನು ಮಾಡುವುದು ಎಂಬ ಪ್ರಶ್ನೆ ಬಂದಾಗ ನಾನೇ ಒಂದು ಉಪಾಯ ಹೇಳಿದೆ. ಕಾರ್ಡಿನ ಹಿಂಬದಿ ಖಾಲಿಯಿತ್ತು. ಓದುಗರು ಪುಸ್ತಕದ ನಂಬರು ಬರೆದುಕೊಳ್ಳಲು ಅದೇ ಚೀಟಿಯಾಗಲಿ ಅಂದೆ. ಕಾರ್ಯದರ್ಶಿಗಳು ಮೆಚ್ಚಿಕೊಂಡರು. ಪೆಟ್ಟಿಗೆಗಳನ್ನು ಬರಿದು ಮಾಡಿ, ಕಾರ್ಡುಗಳನ್ನು ರಟ್ಟಿನ ಡಬ್ಬಗಳಿಗೆ ಸುರಿದು, ದಿನಕ್ಕೊಂದು ಹಿಡಿ ತೆಗೆದು ಕಂಪ್ಯೂಟರಿನ ಪಕ್ಕ ಇಡುತ್ತಿದ್ದೆ.

ಆ ಹೆಂಗಸು ಮೊದಲ ಸಲ ಬಂದದ್ದು ಇದಾಗಿ ಎರಡು ತಿಂಗಳಿಗೆ. ನಲವತ್ತರ ಆಸುಪಾಸು. ಆರ್‌ಪಿಸಿ ಲೇಔಟಿನಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು.

"ನಮಸ್ಕಾರ್ರೀ ಸರ. ಸೈಬರ್‌ನ್ಯಾಗ ಮಗಳು ಹುಡುಕಿದ್ಲು, ಸಿಗಲಿಲ್ಲ. ಅದಕ್ಕ ನಾನ ಬಂದೆ. ನಮ್ಮವ್ವನ ಪುಸ್ತಕ ನಿಮ್ಮಲ್ಲಿ ಐತಂತ್ರೀ."

"ಯಾವ ಪುಸ್ತಕಮ್ಮ?"

"ಕಸೂತಿದು. ಬರವಣಿಗಿ ಅಲ್ರೀ, ನಕ್ಷಾ. ಚೌಕಳಿ ಹಾಳ್ಯಾಗ ಎಳಿ ಎಣಿಸಿ ತಗದದ್ದು. ನಾ ಹುಟ್ಟೂ ಮೊದಲ ಅಪ್ಪ ಇಲ್ಲೇ ಫ್ಯಾಕ್ಟರ್ಯಾಗ ಇದ್ದಾಗ ಮಹಿಳಾ ಸಮಾಜದಾಕಿ ಯಾರೋ ಅಚ್ಚ ಹಾಕಿಸಿದ್ಲಂತ. ಮನ್ಯಾಗಿನ ಪ್ರತಿ ಗೆದ್ದಲ ತಿಂದಾವ. ನಾವ್ಯಾರೂ ಕಣ್ಣಲೇ ನೋಡಿಲ್ಲ. ಲೈಬ್ರರಿಗೆ ಒಂದ್ ಕೊಟ್ಟೀನಿ ಅಂತ ಅವ್ವ ಯಾವಾಗಲೂ ಅಂತಿದ್ಲು."

"ಅವರನ್ನೇ ಹೆಸರು ಕೇಳಿಕೊಂಡು ಬನ್ನಿ."

"ಲಕ್ವಾ ಹೊಡದೈತ್ರೀ. ಮಾತಿಲ್ಲ."

ನಾನು ಮೇಡಂ ಹೇಳಿಕೊಟ್ಟಂತೆಯೇ ಕ್ರಮವಾಗಿ ಹುಡುಕಿದೆ. "ಕಸೂತಿ" ಎಂದು ಹಾಕಿದೆ, ಸೊನ್ನೆ. ಅವರ ತಾಯಿಯ ಹೆಸರು ಹಾಕಿದೆ, ಸೊನ್ನೆ. ಹೊಲಿಗೆ, ಹೆಣಿಗೆ, ಕರಕುಶಲ. ಹೊಲಿಗೆಯಲ್ಲಿ ಎರಡು ಬಂದವು, ಎರಡೂ ಬ್ಲೌಸ್ ಕತ್ತರಿಸುವುದರ ಬಗ್ಗೆ. ಪ್ರತಿ ಸಲವೂ ಹೇಗೆ ಹುಡುಕುತ್ತಿದ್ದೇನೆ ಎಂದು ಅವರಿಗೆ ವಿವರಿಸುತ್ತಲೂ ಇದ್ದೆ, ಮೇಷ್ಟರ ಹಾಗೆ. ನಿಮ್ಮ ಮಗಳು ಇಡೀ ವಾಕ್ಯ ಹಾಕಿರುತ್ತಾಳೆ, ಒಂದೇ ಪದ ಹಾಕಬೇಕು ಎಂದೆಲ್ಲ ಹೇಳಿದೆ.

ಕಟ್ಟುಗಳ ನೆನಪು ಆಗ ಬಂತೇ? ಬಂತು. ಸುಳ್ಳು ಬರೆಯುವುದಿಲ್ಲ. ಕೊನೆಯ ಸೊನ್ನೆ ಬಂದಾಗ ನನ್ನ ಕಣ್ಣು ತಾನಾಗಿಯೇ ಹಿಂದಿನ ಕೋಣೆಯ ಕಡೆ ಹೋಯಿತು. ಕುರ್ಚಿಯಿಂದ ಇಪ್ಪತ್ತು ಹೆಜ್ಜೆ. ಎದ್ದು ಹೋಗಿ ಒಂದೊಂದನ್ನೇ ತೆರೆದಿದ್ದರೆ ಒಂದು ವಾರದಲ್ಲಿ ಸಿಗುತ್ತಿತ್ತು. ಆದರೆ ಯಾಕೆ ತೆರೆಯುತ್ತಿದ್ದೀರಿ ಎಂದು ಮೇಡಂ ಕೇಳುತ್ತಿದ್ದರು.

"ಇಲ್ಲಮ್ಮ," ಅಂದೆ. "ಕಂಪ್ಯೂಟರ್ ಸುಳ್ಳು ಹೇಳಲ್ಲ."

ಅದೇ ಬೇಸಿಗೆಯಲ್ಲಿ ಮೇಡಂ ಹೆರಿಗೆ ರಜೆಯ ಮೇಲೆ ಹೋದರು. ಪರೀಕ್ಷೆಗೆ ಓದುವ ವಿದ್ಯಾರ್ಥಿಗಳಿಗೆ ಜಾಗ ಬೇಕೆಂದು ಹಿಂದಿನ ಕೋಣೆ ಖಾಲಿ ಮಾಡಲು ಕಾರ್ಯದರ್ಶಿಗಳು ಹೇಳಿದರು. ಯಾರೂ ಎರವಲು ಪಡೆಯದ ಪುಸ್ತಕಗಳ ಪಟ್ಟಿಯನ್ನು ಕಂಪ್ಯೂಟರಿನಿಂದ ತೆಗೆಸಿದರು. ಕಟ್ಟುಗಳೇ ಸಾಲಾಗಿ ಬಂದವು. ಬಾರದೆ ಏನು? ಒಳಗಿನ ಪುಸ್ತಕವನ್ನು ಯಾರು ಹುಡುಕಿದರೂ ಸೊನ್ನೆ ಬರುತ್ತಿತ್ತು. ಸೊನ್ನೆ ಬಂದದ್ದನ್ನು ಯಾರು ಎರವಲು ಕೇಳುತ್ತಾರೆ? ನನ್ನ ಒಂದು ಸುಳ್ಳು ಎರಡನೆಯ ಸುಳ್ಳಿಗೆ ಸಾಕ್ಷಿ ಹೇಳಿತು.

ರದ್ದು ಮಾಡುವ ಮುನ್ನ ಪ್ರತಿಯೊಂದನ್ನೂ ತೆರೆದು ನೋಡಿ ಎಂದು ಮೇಡಂ ಚೀಟಿ ಬರೆದಿಟ್ಟು ಹೋಗಿದ್ದರು. ನಾನು ತೆರೆಯಲಿಲ್ಲ. ಪುಟಗಳು ಕಂದಾಗಿ ಮುಟ್ಟಿದರೆ ಮುರಿಯುತ್ತವೆ ಎಂದು ಕಾರಣ ಕೊಟ್ಟುಕೊಂಡೆ. ಬೆನ್ನಿನ ನಂಬರು ನೋಡಿ ಪಟ್ಟಿಯಲ್ಲಿ ಗುರುತು ಹಾಕಿ, ಹೊರಗಿನಿಂದಲೇ "ರದ್ದು" ಎಂದು ಮುದ್ರೆ ಒತ್ತಿ, ನೂರ ಐವತ್ತಕ್ಕೂ ಹೆಚ್ಚು ಕಟ್ಟುಗಳನ್ನು ರದ್ದಿಯವನ ಟೆಂಪೋಗೆ ಏರಿಸಿದೆ. ಪಟ್ಟಿಯಲ್ಲಿರದ ಉಳಿದವನ್ನು ನನ್ನ ಮೇಜಿನ ಎದುರಿನ ಕಪಾಟಿಗೆ ತಂದಿಟ್ಟೆ.

ಎರಡು ವಾರ ಕಳೆದಿರಲಿಲ್ಲ, ಆ ಹೆಂಗಸು ಮತ್ತೆ ಬಂದರು. ಈ ಸಲ ಚೀಲದಲ್ಲಿ ಒಂದು ಇಳಕಲ್ ಸೀರೆ ತಂದಿದ್ದರು. ಮೇಜಿನ ಮೇಲೆ ಸೆರಗು ಹರಡಿದರು. ಸಾಲುಸಾಲು ಕಸೂತಿ, ನಡುವೆ ಒಂದು ಬಾವಿ. ಬಾವಿಗೆ ಎರಡು ಕಂಬ, ಮೇಲೆ ರಾಟೆಯ ಅರ್ಧ, ಒಂದು ಕಡೆ ಹಗ್ಗ, ಹಗ್ಗದ ತುದಿಗೆ ಕೊಡ. ಇನ್ನೊಂದು ಕಡೆ ಏನೂ ಇಲ್ಲ.

"ನನ್ನ ಮಗಳ ಲಗ್ನಕ್ಕ ಅಂತ ಅವ್ವ ಹಾಕಾಕತ್ತಿದ್ಲು. ಇದು ಆಕಿದ ಸ್ವಂತ ನಕ್ಷಾ, ಬ್ಯಾರೆ ಯಾರಿಗೂ ಗೊತ್ತಿಲ್ಲ. ಇಷ್ಟಕ್ಕ ಕೈ ಬಿತ್ತು. ಈಗ ದಿನಾ ಸೆರಗ ಹಿಡದು ತೋರಸ್ತಾಳ, ಎಡಗೈಲೇ ಬಿದ್ದ ಕೈ ಎತ್ತಿಟ್ಟು ಅಂಗೈ ಎರಡೂ ಹಿಂಗ ಪುಸ್ತಕದಂಗ ತಗೀತಾಳ, ಅಳತಾಳ."

"ಉಳಿದ ಅರ್ಧ ಈ ಕಡೆ ಹಾಗೇ ಹಾಕಿದ್ರೆ ಆಯ್ತಲ್ಲಮ್ಮ, ಎರಡು ಕಡೆ ಒಂದೇ ಅಲ್ವಾ?"

ಅವರು ನಕ್ಕರು. ತಿಳಿಯದವನನ್ನು ಕಂಡು ನಗುವ ಹಾಗೆ. "ಅಲ್ಲರೀ. ಗವಂತಿ ಹೊಲಿಗ್ಯಾಗ ಸೂಜಿ ಹೋಗೂವಾಗ ಒಂದ್ ಬಿಟ್ಟು ಒಂದ್ ಹಿಡಕೊಂಡ ಹೋಗತೈತಿ, ಬರೂವಾಗ ಬಿಟ್ಟದ್ದನ್ನ ತುಂಬಕೋತ ಬರತೈತಿ. ಗಂಟ ಹಾಕಂಗಿಲ್ಲ. ಮುಂದಿನ ದಾರಿ ಪೂರಾ ಗೊತ್ತಿದ್ರ ಮಾತ್ರ ಹೊಂಟ ಜಾಗಕ್ಕ ವಾಪಸ್ ಬರತೈತಿ. ಆ ದಾರಿ ಪುಸ್ತಕದಾಗ ಐತಿ."

ಮತ್ತೆ ಟೈಪ್ ಮಾಡಿದೆ, ಮತ್ತೆ "ಇಲ್ಲ" ಅಂದೆ. ಬಿಡುವಾದಾಗ ಇನ್ನೊಮ್ಮೆ ನೋಡಿರಿ, ಸೋಮವಾರ ಬರುತ್ತೇನೆ ಎಂದು ಅವರು ಒಂದು ಚೀಟಿಯ ಮೇಲೆ ತಾಯಿಯ ಹೆಸರು, "ಕಸೂತಿ ನಕ್ಷಾ", ತಮ್ಮ ಹೆಸರು ಬರೆದುಕೊಟ್ಟು ಹೋದರು.

ಸಂಜೆ ಬಾಗಿಲು ಹಾಕುವ ಮುನ್ನ ಆ ಚೀಟಿಯನ್ನು ಎಸೆಯಲು ಎತ್ತಿಕೊಂಡೆ. ಕೈಯಲ್ಲಿ ತಿರುಗಿತು. ಹಿಂದೆ ಹಳೆಯ ಗ್ರಂಥಪಾಲಕರ ಮುತ್ತಿನಂಥ ಅಕ್ಷರ. ಬೇವಿನ ಉಪಯೋಗಗಳ ಬಗ್ಗೆ ಒಂದು ಪುಸ್ತಕದ ಕಾರ್ಡು. ಕೆಳಗೆ, "ಕಟ್ಟು ೨೧೩ರಲ್ಲಿ ಎರಡನೆಯದು". ಸುಮ್ಮನೆ "ಬೇವು" ಎಂದು ಹೊಡೆದು ನೋಡಿದೆ. ಸೊನ್ನೆ. ಆ ಕಟ್ಟು ನನ್ನ ಎದುರಿಗೇ ಕಪಾಟಿನಲ್ಲಿತ್ತು. ತೆಗೆದು ನೋಡಿದೆ, ಎರಡನೆಯ ಪುಸ್ತಕ ಬೇವು. ಪುಸ್ತಕ ನನ್ನ ಎಡಗೈಯಲ್ಲಿತ್ತು, ಸೊನ್ನೆ ಪರದೆಯ ಮೇಲಿತ್ತು. ಅಲ್ಲಿಯವರೆಗೆ ಒಳಗೆ ಗೊತ್ತಿದ್ದದ್ದು ಆವತ್ತು ಕಣ್ಣಿಗೆ ಕಂಡಿತು.

ಮೂರು ದಿನ ರಟ್ಟಿನ ಡಬ್ಬಗಳನ್ನು ಜಾಲಾಡಿದೆ. ಎಷ್ಟೋ ಕಾರ್ಡುಗಳು ಆಗಲೇ ಓದುಗರ ಜೇಬು ಸೇರಿದ್ದವು, ಕಸದ ಬುಟ್ಟಿ ಸೇರಿದ್ದವು. ಸಿಗದಿರಲಿ ಎಂದು ಬೇಡಿಕೊಳ್ಳುತ್ತಲೇ ಹುಡುಕಿದೆ. ಮೂರನೆಯ ದಿನ ಮಧ್ಯಾಹ್ನ ಸಿಕ್ಕಿತು. ಅವರ ತಾಯಿಯ ಹೆಸರು. "ಕಸೂತಿಯ ನಕ್ಷೆಗಳು. ಪುಟ ೬೪. ನಕ್ಷೆ ೧೧೨. ಕಟ್ಟು ೧೮೭ರಲ್ಲಿ ನಾಲ್ಕನೆಯದು." ಕಟ್ಟು ೧೮೭ ಎಂದು ಹುಡುಕಿದೆ. ಈ ಸಲ ಸೊನ್ನೆ ಬರಲಿಲ್ಲ. "ಕೋಳಿ ಸಾಕಣೆ ಕೈಪಿಡಿ" ಎಂದು ಬಂತು. ಮುಂದೆ: ರದ್ದು.

ಹೊಟ್ಟೆನೋವೆಂದು ಹೇಳಿ ಬಾಪೂಜಿ ನಗರಕ್ಕೆ ಹೋದೆ. ರದ್ದಿಯವನ ಗೋದಾಮು ಅಲ್ಲಿತ್ತು. ನನ್ನನ್ನು ನೋಡಿ ಅವನು ಎದ್ದು ನಿಂತ. "ಏನ್ ಸಾಬ್, ಇನ್ನೊಂದು ಲೋಡ್ ಇದೆಯಾ?"

"ಹೋದ ಸಲದ ಮಾಲು ಎಲ್ಲಿ?"

"ಒಳಗಿನ ಕಾಗದ ಮಿಲ್‌ಗೆ ಹೋಗಿ ಹತ್ತು ದಿನ ಆಯ್ತು ಸಾಬ್. ರಟ್ಟು ಮಿಲ್‌ನೋರು ತಗೊಳ್ಳಲ್ಲ. ಅಲ್ಲಿ ಬಿದ್ದಿದೆ ನೋಡಿ."

ಮೂಲೆಯಲ್ಲಿ ರಟ್ಟುಗಳ ರಾಶಿ. ಮಂಡಿಯೂರಿ ಒಂದೊಂದನ್ನೇ ತೆಗೆದೆ. ನೂರ ಎಂಬತ್ತೇಳು ಸಿಕ್ಕಿತು. ಕ್ಯಾಲಿಕೋ ಬೆನ್ನು, ನನ್ನ ಅಕ್ಷರ, ನನ್ನ ಅಂಟು. ಬೆನ್ನಿನ ಒಳಗೆ ನಾನು ಹೊಲಿದ ದಾರದ ತುಂಡುಗಳು ಇನ್ನೂ ಬಿಗಿಯಾಗಿಯೇ ಇದ್ದವು. ಪುಟಗಳನ್ನು ಕಿತ್ತಿದ್ದರೇ ಹೊರತು ದಾರ ಬಿಟ್ಟಿರಲಿಲ್ಲ.

"ಬೇಕಾದ್ರೆ ತಗೊಂಡ್ಹೋಗಿ ಸಾಬ್," ಅಂದ ಅವನು. ತರಲಿಲ್ಲ.

ಸೋಮವಾರ ಆ ಹೆಂಗಸು ಬಂದರು. ಕಾರ್ಡು ನನ್ನ ಅಂಗಿಯ ಜೇಬಿನಲ್ಲಿತ್ತು. ಆ ಕಾರ್ಡನ್ನು ಕೊಟ್ಟುಬಿಡಬೇಕು, ಆದದ್ದು ಹೇಳಬೇಕು ಎಂದು ನಂದಿನಿ ಲೇಔಟಿನ ಮನೆಯಿಂದ ನಡೆದು ಬರುವಾಗ ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ನಿವೃತ್ತಿಗೆ ಒಂದೂವರೆ ವರ್ಷ ಉಳಿದಿತ್ತು. ಅವರು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ನಾನು ತೀರ್ಮಾನಿಸಿಯಾಗಿತ್ತು.

"ಎಲ್ಲಾ ನೋಡಿದೆ ಕಣಮ್ಮ. ಆ ಪುಸ್ತಕ ಈ ಲೈಬ್ರರಿಗೆ ಬಂದೇ ಇಲ್ಲ."

"ಬಂದ ಇಲ್ಲೇನ್ರೀ? ಹಂಗಾರ ಅವ್ವ ಅಂದದ್ದು?"

"ವಯಸ್ಸಾದವರು. ಏನೋ ಅಂದ್ಕೊಂಡಿರ್ತಾರೆ."

ಇದನ್ನೂ ನಾನೇ ಅಂದೆ. ಯಾರೂ ಕೇಳಿರಲಿಲ್ಲ.

"ಇರಬಹುದ್ರೀ," ಅಂದರು. "ನಿಮಗ ಭಾಳ ತ್ರಾಸ ಕೊಟ್ಟೆ. ನೀವೊಬ್ಬರ ಇಷ್ಟ ಹುಡುಕಿದವರು." ಕೈಮುಗಿದು ಹೋದರು.

ನಿವೃತ್ತಿಯಾಗಿ ವರ್ಷ ಕಳೆದ ಮೇಲೆ, ನೆಮ್ಮದಿಯಿಂದ ಒಂದು ಹೊತ್ತು ಊಟ ಮಾಡಲಾಗದ ಸ್ಥಿತಿಗೆ ಬಂದು, ಮೇಡಂ ಬಳಿ ಹೋಗಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ನಾನೂ ಚೆಕ್ ಮಾಡ್ಬೇಕಿತ್ತು" ಅಂದರಷ್ಟೆ. ಉಳಿದ ಕಟ್ಟುಗಳನ್ನೆಲ್ಲ ತೆರೆಸಿ ಒಳಗಿನ ಹೆಸರುಗಳನ್ನು ಟೈಪ್ ಮಾಡಿಸಿದರು. ಕಸೂತಿಯ ಪುಸ್ತಕದ ಹೆಸರನ್ನಾದರೂ ಪಟ್ಟಿಗೆ ಹಾಕಿ, ಕಾರ್ಡು ಇದೆಯಲ್ಲ ಎಂದು ಬೇಡಿದೆ.

"ಪುಸ್ತಕ ಇಲ್ದೆ ಹೆಸರು ಹೆಂಗೆ ಹಾಕಲಿ? ನಾಳೆ ಇನ್ಯಾರೋ ನಂಬ್ಕೊಂಡು ಬರ್ತಾರೆ," ಅಂದರು. ಸರಿಯಾದ ಮಾತು. ಆ ಹೆಂಗಸು ಮೊದಲ ಸಲ ಬಂದಾಗ ತುಂಬಿಕೊಟ್ಟಿದ್ದ ಸದಸ್ಯತ್ವದ ಅರ್ಜಿಯಿಂದ ವಿಳಾಸ ತೆಗೆದುಕೊಟ್ಟರು.

ಆರ್‌ಪಿಸಿ ಲೇಔಟಿನ ಮನೆ. ಅವರೇ ಬಾಗಿಲು ತೆಗೆದು, ಗುರುತು ಹಿಡಿದು, ಒಳಗೆ ಕರೆದು, ಕೂರಿಸಿ ನೀರು ಕೊಟ್ಟರು. ಗೋಡೆಯ ಮೇಲೆ ತಾಯಿಯ ಫೋಟೋ ಇತ್ತು, ಮಾಲೆ ಹಾಕಿತ್ತು. ನೀರು ಕುಡಿಯದೆ ಕಾರ್ಡನ್ನು ಮುಂದಿಟ್ಟು, ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅವರು ಕಾರ್ಡನ್ನು ಎರಡು ಸಲ ಓದಿದರು.

"ನೂರಾ ಹನ್ನೆರಡು ನಕ್ಷಾ," ಅಂದರು. ಆಮೇಲೆ, "ಇದು ಎಷ್ಟ ದಿನದಿಂದ ನಿಮ್ಮ ಹಂತೇಕ ಐತಿ?"

"ಆ ಸೋಮವಾರವೂ ಜೇಬಿನಲ್ಲಿತ್ತಮ್ಮ."

ಅವರು ಎದ್ದು ಒಳಗೆ ಹೋದರು. ನನ್ನನ್ನು ಹೊರಗೆ ಕಳಿಸುತ್ತಾರೆ ಅಂದುಕೊಂಡೆ. ಬರುವಾಗ ಕೈಯಲ್ಲಿ ಆ ಸೀರೆ ಇತ್ತು. ಸೆರಗು ಬಿಚ್ಚಿದರು. ಕಸೂತಿಯ ಸಾಲುಗಳು ಹಾಗೆಯೇ ಇದ್ದವು. ನಡುವೆ ಬಾವಿ ಇರಲಿಲ್ಲ. ಖಾಲಿ ಬಟ್ಟೆ.

"ಅರ್ಧ ನಕ್ಷಾ ಉಟ್ಟು ಲಗ್ನಕ್ಕ ಕೂಡಬಾರದಂತ್ರೀ. ನೀವು ಬಂದ ಇಲ್ಲ ಅಂದ್ರಲ್ಲ, ಅವ್ವಗ ಭ್ರಮಾ ಅಂತ ತಿಳಕೊಂಡೆ. ಆಕಿ ಮುಂದ ಕುಂತು ಬಿಚ್ಚಿದೆ. ಎಡಗೈಲೇ ನನ್ನ ಕೈ ಹಿಡದ್ಲು. ಬಿಡಿಸಿಕೊಂಡು ಬಿಚ್ಚಿದೆ. ಅವತ್ತಿಂದ ಆಕಿ ಅಂಗೈ ತಗದು ತೋರಸಲಿಲ್ಲ."

ಅವರು ಸೆರಗನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು. ಖಾಲಿ ಜಾಗದಲ್ಲಿ ಸೂಜಿಯ ಸಣ್ಣ ಸಣ್ಣ ತೂತುಗಳು ಚುಕ್ಕಿಗಳಂತೆ ಕಂಡವು. ಕಂಬ, ರಾಟೆಯ ಅರ್ಧ, ಹಗ್ಗ, ಕೊಡ. ಅವರು ಬೆರಳ ತುದಿಯಿಂದ ಒಂದೊಂದೇ ತೂತನ್ನು ಮುಟ್ಟುತ್ತ ಹೋಗಿ ಒಂದು ಕಡೆ ನಿಂತರು.

"ಇಲ್ಲೀತನಕ ಹೋಗ್ಯಾಳ ನೋಡ್ರಿ," ಅಂದರು. "ವಾಪಸ್ ಬಂದಿಲ್ಲ."